ಲೂಸಿಗೆ ಕೊಟ್ಟ ಹೊಗೆ

ಚೀಟಿಯಲ್ಲಿ ಐದು ಮಾತುಗಳಿದ್ದವು. ಮೂರನೆಯದು ಹೀಗಿತ್ತು: "ಲೂಸಿಗೆ ಸ್ನಾನ ಮಾಡಿಸಿದರೆ ಕೂದಲನ್ನು ಬುಡದ ತನಕ ಒಣಗಿಸಬೇಕು. ಹಸಿ ಉಳಿದರೆ ಎದೆಗೆ ಥಂಡಿ ಹತ್ತಿ ಸತ್ತುಹೋಗುತ್ತದೆ."

ಕಸ್ತೂರಿಬಾಯಿ ಇದನ್ನು ಎಷ್ಟು ಸಲ ಓದಿದ್ದಳೆಂದರೆ, ಮಡಿಸಿದ ಜಾಗದಲ್ಲಿ ಕಾಗದ ಹರಿಯಲು ಬಂದಿತ್ತು. ಅವಳ ಹೆಸರಿಗೆ ಯಾರಾದರೂ ಬರೆದ ಮೊದಲ ಕಾಗದ ಅದು. ಭಾಲ್ಕಿಗೆ ಆಗ ಇನ್ನೂ ರೈಲು ಬಂದಿರಲಿಲ್ಲ, ಬರುತ್ತದೆಂಬ ಸುದ್ದಿ ಮಾತ್ರ ಬಂದಿತ್ತು. ಹೆಣ್ಣುಮಕ್ಕಳಿಗೆ ಓದು ಕಲಿಸುವ ಜಾಗವೆಂದರೆ ಮಿಷನ್ನಿನ ಜ್ಞಾನಮ್ಮ ಟೀಚರ್ ತಮ್ಮ ಮನೆಯ ಕಟ್ಟೆಯ ಮೇಲೆ ಸಂಜೆ ಹೊತ್ತು ನಡೆಸುತ್ತಿದ್ದ ಸಾಲೆಯೊಂದೇ. ಮಕ್ಕಳಿಲ್ಲದ ಮನೆಯಲ್ಲಿ ಸಂಜೆ ಬೇಗ ಮುಗಿಯುವುದಿಲ್ಲವೆಂದು ಅತ್ತೆಯೇ ಅವಳನ್ನು ಅಲ್ಲಿಗೆ ಕಳಿಸಿದ್ದಳು.

ಲೂಸಿ ಬೀದರದ ಮಿಷನ್ನಿನ ಬಿಳಿಯ ಮಿಸ್ಸಮ್ಮನವರ ನಾಯಿ. ಬಿಳಿ ಬಣ್ಣ, ಬೆಕ್ಕಿನಷ್ಟು ಮೈ, ನೆಲ ಮುಟ್ಟುವ ಕೂದಲು. ನಿಂತಾಗ ಮುಂದೆ ಯಾವುದು ಹಿಂದೆ ಯಾವುದು ಎಂಬುದು ಅದು ನಡೆದ ಮೇಲೆಯೇ ತಿಳಿಯುತ್ತಿತ್ತು. ಮಿಸ್ಸಮ್ಮ ಬೆಟ್ಟದ ಊರಿಗೆ ಹೋಗುವಾಗ ನಾಯಿಯನ್ನು ಜ್ಞಾನಮ್ಮನ ಹತ್ತಿರ ಬಿಟ್ಟಿದ್ದರು. ಔರಾದದಲ್ಲಿ ತಂಗಿಗೆ ಮೈಯಲ್ಲಿ ಹುಷಾರಿಲ್ಲವೆಂದು ಸುದ್ದಿ ಬಂದದ್ದರಿಂದ ಜ್ಞಾನಮ್ಮ ಅದನ್ನು, ತಾನೇ ಬರೆದ ಆ ಚೀಟಿಯ ಜೊತೆ, ನಾಲ್ಕು ದಿನದ ಮಟ್ಟಿಗೆ ಕಸ್ತೂರಿಬಾಯಿಗೆ ಒಪ್ಪಿಸಿದಳು. "ಓದಿದ್ದು ಓದಿದಂಗ ಮಾಡಾಕಿ ನೀ ಒಬ್ಬಾಕಿನೇ" ಎಂದು ಹೇಳಿಹೋದಳು. ಆ ಮಾತಿನಿಂದ ಕಸ್ತೂರಿಬಾಯಿಗೆ ಅರ್ಧ ದಿನ ಸಂತೋಷವಾಯಿತು. ಉಳಿದ ಮೂರೂವರೆ ದಿನಕ್ಕೆ ಹೆದರಿಕೆ ಇತ್ತು.

ಅದೇ ವಾರ ಮನೆಯಲ್ಲಿ ಇನ್ನೊಂದು ಕೆಲಸವೂ ಇತ್ತು. ಸೋಮವಾರ ಭಾತಂಬ್ರಾದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಹೆಣ್ಣು ಕಸ್ತೂರಿಬಾಯಿಯ ಗಂಡ ವೈಜಿನಾಥನಿಗೆ.

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅತ್ತೆ ಭಾಗೀರಥಿಬಾಯಿ ಕೆಟ್ಟವಳಲ್ಲ. ಅವಳು ಊರಿನ ಬಾಣಂತಿಯರಿಗೆಲ್ಲ ನೀರು ಹಾಕುವವಳು. ಮೂವತ್ತು ವರ್ಷದಲ್ಲಿ ಭಾಲ್ಕಿಯ ಅರ್ಧ ಊರನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಿದ್ದಳು. ದಿನ ಬೆಳಗಾದರೆ ಪರರ ಮೊಮ್ಮಕ್ಕಳಿಗೆ ಎರೆದು, ಮಧ್ಯಾಹ್ನ ಬರಿಗೈಯಲ್ಲಿ ತನ್ನ ಮನೆಗೆ ಬರುತ್ತಿದ್ದಳು. ಒಂದು ದಿನ ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುತ್ತ, "ಇನ್ನೊಂದು ತರೋಣು ಅಂತೀನಿ" ಎಂದಳು. ವೈಜಿನಾಥ ಪಲ್ಯ ನೋಡಿದ. ಕಸ್ತೂರಿಬಾಯಿ "ಹೂಂ ರಿ" ಅಂದಳು. ಬೇಡ ಎನ್ನಲು ತನಗೆ ಹಕ್ಕಿದೆಯೋ ಇಲ್ಲವೋ ಎಂದು ಅವಳು ಇನ್ನೂ ಯೋಚಿಸುತ್ತಿದ್ದಳು. ಯೋಚಿಸಿ ಮುಗಿಯುವಷ್ಟರಲ್ಲಿ ಸೋಮವಾರ ಬಂತು. ಬರುವವಳಿಗೆ ಮನೆ ಹೊಲಸು ಕಾಣಬಾರದೆಂದು ಅವಳೇ ಮೂರು ದಿನದಿಂದ ಗೋಡೆ ಸಾರಿಸಿ, ಹಿತ್ತಾಳೆ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು.

ಸೋಮವಾರ ಬೆಳಿಗ್ಗೆ ಲೂಸಿ ತಿಪ್ಪೆಯಲ್ಲಿ ಬಿತ್ತು.

ಬಿತ್ತು ಅನ್ನುವುದಕ್ಕಿಂತ ಹೊಕ್ಕಿತು ಅನ್ನಬೇಕು. ಶ್ರಾವಣದ ಜಡಿಮಳೆಯಲ್ಲಿ ತಿಪ್ಪೆ ಗಂಜಿಯಾಗಿತ್ತು. ಹೊರಗೆ ಬಂದಾಗ ಲೂಸಿ ಎಮ್ಮೆಯ ಬಣ್ಣವಾಗಿತ್ತು. ಕಸ್ತೂರಿಬಾಯಿ ಅದನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಸೀಗೆಕಾಯಿ ಹಾಕಿ ಮೂರು ಸಲ ತೊಳೆದಳು. ತೊಳೆದು ಮುಗಿದ ಮೇಲೆ ಅವಳಿಗೆ ಮೂರನೆಯ ಮಾತು ನೆನಪಾಯಿತು.

ಮೂರು ದಿನದಿಂದ ಊರಿನಲ್ಲಿ ಬಿಸಿಲು ಬಿದ್ದಿರಲಿಲ್ಲ. ಗಂಡನ ಹಳೆಯ ಧೋತರದಿಂದ ಒರೆಸಿದಳು, ಧೋತರ ಹಸಿಯಾಯಿತು, ಲೂಸಿ ಹಾಗೆಯೇ ಇತ್ತು. ಮೊರ ಹಿಡಿದು ಬೀಸಿದಳು, ಲೂಸಿ ನಡುಗತೊಡಗಿತು. ಕೊನೆಗೆ ಒಲೆಯ ಹತ್ತಿರ ಕುಳ್ಳಿರಿಸಿಕೊಂಡು, ಊದುಗೊಳವೆ ತೆಗೆದುಕೊಂಡು, ಕೂದಲನ್ನು ಸಾಲು ಸಾಲಾಗಿ ಬಿಡಿಸುತ್ತ ಊದಲು ಶುರು ಮಾಡಿದಳು. ಒಂದೊಂದು ಊದಿಗೆ ಒಂದು ದುಡ್ಡಿನಗಲ ಕೂದಲು ಬಿಚ್ಚಿ, ಗುಲಾಬಿ ಬಣ್ಣದ ಚರ್ಮ ಕಾಣುತ್ತಿತ್ತು. ಅಲ್ಲಿಗೆ ಬುಡ ಬಂತು ಎಂದು ಅವಳು ಮುಂದಿನ ಜಾಗಕ್ಕೆ ಹೋಗುತ್ತಿದ್ದಳು. ಎಡಗಿವಿಯಿಂದ ಭುಜದ ತನಕ ಬರುವಷ್ಟರಲ್ಲಿ ಎಡಗಿವಿ ಮತ್ತೆ ಹಸಿಯಾಗಿತ್ತು. ಉಸಿರಿನಲ್ಲೂ ತೇವ ಇರುತ್ತದೆಂದು ಅವಳಿಗೆ ತಡವಾಗಿ ಹೊಳೆಯಿತು. ಆದರೂ ನಿಲ್ಲಿಸಲು ಧೈರ್ಯವಾಗಲಿಲ್ಲ.

ಸುಮಿತ್ರಾಬಾಯಿಯ ಮನೆಯಲ್ಲಿ ಮಗಳು ಹಡೆದು ಒಂಬತ್ತು ದಿನವಾಗಿತ್ತು. ಅಲ್ಲಿ ತಾಯಿ ಮಗುವಿಗೆ ನೀರು ಹಾಕಿ ಬಂದ ಭಾಗೀರಥಿಬಾಯಿ ಬಾಗಿಲಲ್ಲೇ ನಿಂತಳು.

"ಏನ್ ಮಾಡ್ಲತ್ತಿ?"

"ಒಣಗಸ್ಲತ್ತೀನ್ರಿ ಅತ್ತಿ."

"ಒಲಿ ಊದಿದಂಗ ಊದಿದ್ರ ನಾಯಿ ಹತ್ತಿಕೊಂಡು ಉರೀತದೇನು?"

ಕಸ್ತೂರಿಬಾಯಿ ಚೀಟಿ ತೆಗೆದು ಮೂರನೆಯ ಮಾತನ್ನು ಓದಿ ಹೇಳಿದಳು. ಭಾಗೀರಥಿಬಾಯಿ ಬಗ್ಗಿ, ಕೈಯ ಹಿಂಭಾಗದಿಂದ ನಾಯಿಯ ಹೊಟ್ಟೆ ಮುಟ್ಟಿದಳು. ಅದು ಗಡಗಡ ನಡುಗುತ್ತಿತ್ತು. ಅವಳ ಕೈಗೆ ನಡುಗುವ ಮೈ ಹೊಸದಲ್ಲ. ನೀರು ಹಾಕಿದ ಯಾರಿಗೂ ಥಂಡಿ ಹತ್ತಗೊಟ್ಟ ಕೈಯೂ ಅದಲ್ಲ.

"ಮಂದಿ ಬರೋ ದಿನ ಮನ್ಯಾಗ ಸತ್ತ ನಾಯಿ ಬ್ಯಾಡ. ಹೊರಸು ಹಾಕು," ಎಂದಳು.

ನಡುಮನೆಯಲ್ಲಿ ಹಗ್ಗದ ಹೊರಸು ಬಂತು. ಅದರ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ. ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಕಾವು ಹರಡಿಕೊಂಡು ಬರುವ ಹಾಗೆ ಮಾಡಿದಳು. ಗಾಳಿ ನುಗ್ಗಬಾರದೆಂದು ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದಳು. ಲೂಸಿಯನ್ನು ಹೊರಸಿನ ಮೇಲೆ ಮಲಗಿಸಿ, ಅದರ ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹಗ್ಗದ ಸಂದುಗಳಿಂದ ಕೆಳಗೆ ಇಳಿಬಿಟ್ಟಳು. ಕೆಳಗಿನಿಂದ ಬಿಸಿ ಏರತೊಡಗಿದ ಕೂಡಲೇ ಲೂಸಿ ಕಾಲು ಚಾಚಿ, ಇಂಥದ್ದು ತನಗೆ ಮೊದಲೇ ಬರಬೇಕಿತ್ತು ಎನ್ನುವ ಹಾಗೆ ನಿಟ್ಟುಸಿರು ಬಿಟ್ಟಿತು.

ಭಾಗೀರಥಿಬಾಯಿ ಕೆಂಡದ ಮೇಲೆ ಲೋಬಾನ ಉದುರಿಸಿದಳು. ಆಮೇಲೆ ಬೆಳ್ಳುಳ್ಳಿ ಸಿಪ್ಪೆ. ಆಮೇಲೆ ಒಂದು ಹಿಡಿ ಓಮಿನಕಾಳು, ಅಜವಾನ.

"ಅತ್ತಿ, ಅಜವಾನ ಯಾಕ್ರಿ? ಚೀಟಿಯಾಗ ಇಲ್ರಿ."

"ಹೊಗಿ ಅಂದ್ರ ಅಜವಾನ ಇರ್ತದ."

ಅವಳ ಕೈಗೆ ಈ ಕೆಲಸ ಒಂದೇ ರೀತಿಯಲ್ಲಿ ಗೊತ್ತಿತ್ತು, ಅರ್ಧಕ್ಕೆ ನಿಲ್ಲಿಸಲು ಬರುತ್ತಿರಲಿಲ್ಲ. ಹೊಗೆಯಾದ ಮೇಲೆ ಕಿವಿಗೆ ಗಾಳಿ ಹೋಗದಂತೆ ಕಟ್ಟಬೇಕು. ಅವಳು ಎದ್ದುಹೋಗಿ ತನ್ನ ಟ್ರಂಕು ತೆಗೆದು, ತಳದಿಂದ ಒಂದು ಕುಂಚಿಗೆ ತಂದಳು. ಕೂಸಿನ ತಲೆಗೆ ಹಾಕಿ ಬೆನ್ನಿನ ತನಕ ಇಳಿಬಿಡುವ ಕುಂಚಿಗೆ, ಕೆಂಪು ಖಣದ್ದು, ಅಂಚಿಗೆ ಬಿಳಿ ದಾರದ ಹೊಲಿಗೆ. ಮಡಿಕೆ ಬಿದ್ದ ಕಡೆ ಬಣ್ಣ ಕಳೆದಿತ್ತು, ಆದರೆ ಯಾರೂ ಹಾಕಿಕೊಂಡ ಗುರುತು ಇರಲಿಲ್ಲ. ಕಸ್ತೂರಿಬಾಯಿ ಅದನ್ನು ಎಂದೂ ನೋಡಿರಲಿಲ್ಲ. ಯಾವಾಗ ಹೊಲಿದದ್ದು ಎಂದು ಕೇಳಲಿಲ್ಲ, ಲೆಕ್ಕ ಕಷ್ಟದ್ದಾಗಿರಲಿಲ್ಲ.

ಅತ್ತೆ ಕುಂಚಿಗೆಯ ದಾರವನ್ನು ಲೂಸಿಯ ಗದ್ದದ ಕೆಳಗೆ ಕಟ್ಟಿದಳು. "ಸ್ವಲ್ಪ ಸಡ್ಲ ಆಯ್ತು," ಎಂದಷ್ಟೇ ಹೇಳಿ, ಮೊರ ತೆಗೆದುಕೊಂಡು ಕೆಂಡಕ್ಕೆ ಬೀಸಲು ಕುಳಿತಳು.

ಲೋಬಾನ ಯಾವ ಮನೆಯಲ್ಲೂ ಹಾಕುತ್ತಾರೆ. ಬೆಳ್ಳುಳ್ಳಿ ಸಿಪ್ಪೆ ಸೊಳ್ಳೆಗೆ ಹಾಕುತ್ತಾರೆ. ಅಜವಾನವೂ ಸೇರಿ ಮೂರೂ ಒಂದಾಗಿ ಬಂದರೆ ಆ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ: ಮನೆಯಲ್ಲಿ ಬಾಣಂತಿ. ಹೊಗೆ ಮಳೆಯಲ್ಲಿ ಮೇಲೆ ಏರಲಾರದೆ, ಹಂಚಿನಿಂದ ಇಳಿದು ಓಣಿಯುದ್ದಕ್ಕೂ ಹೋಯಿತು.

ಮೊದಲು ಸುಮಿತ್ರಾಬಾಯಿ ಬಂದಳು.

"ಅಕ್ಕಾ, ನಮ್ಮ ಪೋರಿಗಿ ಹೊಗಿ ಕೊಟ್ಟು ಈಗರೇ ಹೋದ್ರಿ. ಇಲ್ಲಿ ಯಾರಿಗಿ?"

"ಯಾರಿಗೂ ಇಲ್ಲ," ಎಂದಳು ಭಾಗೀರಥಿಬಾಯಿ, ಸೀರೆಯ ಹಿಂದಿನಿಂದ.

ಸುಮಿತ್ರಾಬಾಯಿ ಸಂದಿಯಿಂದ ಇಣುಕಿದಳು. ಕೆಂಪು ಕುಂಚಿಗೆಯ ತುದಿ ಕಂಡಿತು. ಅದರೊಳಗಿಂದ ಸಣ್ಣ ಸೀನು ಬಂತು. ಅವಳು ಬಾಯಿಗೆ ಸೆರಗು ಹಿಡಿದುಕೊಂಡು ಮಳೆಯಲ್ಲೇ ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಕಟ್ಟೆಯ ಮೇಲೆ ಹೆಣ್ಣುಮಕ್ಕಳ ಮಾತು ಕೇಳಿಬಂತು.

"ಮೊನ್ನಿ ಎರಡು ಕೊಡ ಹೊತ್ಕೊಂಡು ಬಂದಾಳ, ನಾನೇ ನೋಡೀನಿ."

"ಅದಕ್ಕೇ ದಿನ ತುಂಬೋಕ್ಕಿಂತ ಮೊದಲೇ ಆಗ್ಯಾದ. ಅದಕ್ಕೇ ಬಾಯಿ ಬಿಡವಲ್ಲರು."

"ಹೊಟ್ಟಿನೇ ಕಾಣಲಿಲ್ಲಲ್ಲ?"

"ಕೂಸು ಎಷ್ಟ ಅದ ಅಂತಿ? ಬೆಕ್ಕಿನಷ್ಟ ಅದ ಅಂತ."

ಕಸ್ತೂರಿಬಾಯಿ ಹೊರಗೆ ಹೋಗಿ ನಿಜ ಹೇಳಬೇಕೆಂದು ಎದ್ದಳು. ಅತ್ತೆ ಅವಳ ಸೆರಗು ಹಿಡಿದು ಕೂರಿಸಿದಳು. "ಸುಮ್ಮನಿರು. ಕೂಸಿಗಿ ಎರೆಯೋ ಕೈಲೇ ನಾಯಿಗಿ ಹೊಗಿ ಕೊಟ್ಟಾಳ ಅಂತ ಗೊತ್ತಾದ್ರ ನಾಳಿಂದ ಯಾವ ಮನಿ ಬಾಗಿಲು ತುಳೀಲಿ ನಾ?"

ಬೀಸುವ ಮೊರ ಆಗ ಮಾತ್ರ ನಿಂತಿತ್ತು. ಅತ್ತೆ ಹೆದರಿದ್ದನ್ನು ಕಸ್ತೂರಿಬಾಯಿ ಒಂಬತ್ತು ವರ್ಷದಲ್ಲಿ ನೋಡಿದ್ದು ಅದೇ ಮೊದಲು.

ಭಾತಂಬ್ರಾದವರು ಮಧ್ಯಾಹ್ನ ಬರಬೇಕಾಗಿತ್ತು. ಹಳ್ಳ ತುಂಬಿದರೆ ದಾಟಲಾಗದೆಂದು ಬೇಗ ಹೊರಟು, ಇದೆಲ್ಲ ನಡೆದಿರುವಾಗಲೇ ಬಂದರು. ವೈಜಿನಾಥ ಅವರಿಗಾಗಿ ಎಲೆ ಅಡಿಕೆ ತರಲು ಪೇಟೆಗೆ ಹೋಗಿದ್ದ. ಹೆಣ್ಣಿನ ದೊಡ್ಡಪ್ಪ ಶಿವರಾಜಪ್ಪ ಮತ್ತು ಅವನ ತಂಗಿ ಶಾಂತಾಬಾಯಿ ಕಟ್ಟೆಯ ಮೇಲಿನ ಹೆಣ್ಣುಮಕ್ಕಳ ನಡುವೆ ದಾರಿ ಮಾಡಿಕೊಂಡು ಪಡಸಾಲೆಗೆ ಬಂದರು. ಶಿವರಾಜಪ್ಪ ಕಾಲು ತೊಳೆಯಲಿಲ್ಲ, ಕೂರಲೂ ಇಲ್ಲ.

"ಶರಣಾರ್ಥಿರಿ ಬಾಯಾರ. ಮನ್ಯಾಗ ಬಾಣಂತಿ ಇದ್ದಂಗದ."

ಭಾಗೀರಥಿಬಾಯಿ ಅಡ್ಡ ಕಟ್ಟಿದ ಸೀರೆ ಸರಿಸಿ ಹೊರಗೆ ಬಂದು ಕೈ ಮುಗಿದಳು.

"ಓಣಿ ತುಂಬ ವಾಸನಿ ಅದ. ಕಟ್ಟಿಮ್ಯಾಲ ಕುಂತಾರೂ ಅದೇ ಹೇಳಲತ್ತಾರ. ಸೊಸಿಗಿ ಮಕ್ಕಳಾಗಂಗಿಲ್ಲ ಅಂತ ನಮ್ಮ ಪೋರಿ ಕೇಳಿದ್ರಿ. ಈಗ ನೋಡಿದ್ರ ಹಿಂಗದ. ಹಿಂಗ ಮಾಡಬಾರದಿತ್ತರಿ ನೀವು."

ಸೀರೆಯ ಹಿಂದೆ ಕಸ್ತೂರಿಬಾಯಿ ಹೊರಸಿನ ಕಾಲು ಹಿಡಿದುಕೊಂಡು ಕುಳಿತಿದ್ದಳು. ತಮ್ಮಂಥ ಶರಣರ ಮನೆಯಲ್ಲಿ ಹೆರಿಗೆಗೆ ಸೂತಕ ಹಿಡಿಯುವುದಿಲ್ಲ, ಆದರೂ ಬಾಣಂತಿಯ ಪರದೆಯನ್ನು ಪರಗಂಡಸು ದಾಟುವುದಿಲ್ಲ. ತಾನು ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಇವರು ಹೊರಟುಹೋಗುತ್ತಾರೆ. ಸವತಿ ಬರುವುದಿಲ್ಲ. ಅದಕ್ಕಾಗಿ ಒಂದು ಸುಳ್ಳನ್ನೂ ಆಡಬೇಕಾಗಿಲ್ಲ. ಇಷ್ಟು ಸುಲಭದ ಒಳ್ಳೆಯದು ಅವಳಿಗೆ ಎಂದೂ ಬಂದಿರಲಿಲ್ಲ, ಹಾಗಾಗಿ ಅದರಲ್ಲಿ ಏನೋ ತಪ್ಪಿರಬೇಕೆಂದು ಅನಿಸಿತು. ತಪ್ಪು ಹುಡುಕಿದಳು. ಸಿಕ್ಕಿತು. ಭಾತಂಬ್ರಾದವರ ಬಾಯಲ್ಲಿ ಅತ್ತೆ ಮೋಸಗಾರ್ತಿಯಾಗುತ್ತಾಳೆ. ಇಷ್ಟು ಹೆಣ್ಣುಮಕ್ಕಳು ಕೂಸು ನೋಡಬೇಕೆಂದು ಕುಳಿತಿರುವಾಗ ನಾಳೆಯೊಳಗೆ ನಿಜವೂ ಹೊರಗೆ ಬರುತ್ತದೆ, ಆಗ ಅತ್ತೆಯ ಕೈಯ ಹೆಸರೂ ಹೋಗುತ್ತದೆ.

ಅವಳು ಲೂಸಿಯನ್ನು ಎತ್ತಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಹೊರಗೆ ಬಂದಳು.

"ಬಾಣಂತಿ ಅಲ್ರಿ. ನಾಯಿರಿ."

ಕುಂಚಿಗೆಯೊಳಗಿಂದ ಲೂಸಿ ನಾಲಗೆ ಚಾಚಿ ಶಿವರಾಜಪ್ಪನನ್ನು ನೋಡಿತು. ಶಿವರಾಜಪ್ಪ ಲೂಸಿಯನ್ನು ನೋಡಿದ. ಬಾಗಿಲಲ್ಲಿ ಸುಮಿತ್ರಾಬಾಯಿ "ಅಯ್ಯ ಶಿವನ" ಎಂದಳು.

"ಟೀಚರಬಾಯಾರ ಬಿಟ್ಟು ಹೋಗ್ಯಾರ್ರಿ. ತಿಪ್ಯಾಗ ಬಿದ್ದಿತ್ತು. ಹಸಿ ಉಳಿದ್ರ ಸಾಯ್ತದಂತ ಬರದಾರ್ರಿ. ಹೊಗಿ ನಾನೇ ಕೊಟ್ಟೀನ್ರಿ. ಕುಂಚಗಿ ನಾನೇ ಕಟ್ಟೀನ್ರಿ. ಅತ್ತಿಯವರು ಪರರ ಮನಿಗಿ ಹೋಗಿ ಈಗರೇ ಬಂದಾರ್ರಿ. ಅವರಿಗಿ ಏನೂ ಗೊತ್ತಿಲ್ರಿ."

ಕೊನೆಯ ನಾಲ್ಕು ಮಾತುಗಳನ್ನು ಅವಳು ಸಂಜೆ ಸಾಲೆಯಲ್ಲಿ ಪುಸ್ತಕ ಓದುವ ಹಾಗೆ, ಒಂದೊಂದನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ಹೇಳಿದಳು. ಅವಳು ಆಡಿದ ಮೊದಲ ಸುಳ್ಳು ಅದು. ಭಾಗೀರಥಿಬಾಯಿ ಅವಳ ಕಡೆ ತಿರುಗಿ ನೋಡಿದಳು.

ಶಾಂತಾಬಾಯಿ ಮುಂದೆ ಬಂದು ಲೂಸಿಯ ಬೆನ್ನಿನ ಮೇಲೆ ಕೈಯಿಟ್ಟಳು. ಎರಡು ಬೆರಳಿನಿಂದ ಕೂದಲು ಸರಿಸಿ ಚರ್ಮದ ತನಕ ನೋಡಿದಳು. ಹೊಟ್ಟೆಯ ಕೆಳಗೂ ನೋಡಿದಳು.

"ಅಣ್ಣಾ, ಒಂದು ಹನಿ ಹಸಿ ಇಲ್ಲ. ರೇಶಿಮಿ ಆದಂಗ ಆಗ್ಯಾದ."

"ಹೌದೇನು?" ಶಿವರಾಜಪ್ಪ ಈಗ ಕುಳಿತುಕೊಂಡ.

"ಪರರ ನಾಯಿಗಿ ಇಷ್ಟು ಮಾಡ್ಯಾಳ. ನಾಳಿ ನಮ್ಮ ಪೋರಿ ಹಡದ್ರ ಇಕಿ ಕೈಯಾಗ ಬಿಟ್ಟು ನಿಶ್ಚಿಂತಿ ಇರಬಹುದು."

"ಖರೆ ಅದ," ಎಂದ ಶಿವರಾಜಪ್ಪ. "ಸವತಿ ಅಂದ್ರ ಜೀವಾ ತಿಂತಾಳೋ ಏನೋ ಅಂತ ಒಂದು ಅಂಜಿಕಿ ಇತ್ತರಿ ನಮಗ. ಇಕಿ ಹಂಥಾಕಿ ಅಲ್ಲ. ನಾಯಿ ಅಂತ ಬಂದು ಹೇಳಿದಾಕಿ, ಸುಳ್ಳಾಡೋ ಪೈಕಿನೂ ಅಲ್ಲ. ಬಾಯಾರ, ನಮ್ಮ ಒಪ್ಪಿಗಿ ಅದ."

ಕಸ್ತೂರಿಬಾಯಿ ಲೂಸಿಯನ್ನು ಹಿಡಿದುಕೊಂಡು ನಿಂತಿದ್ದಳು. ತಾನು ಎಲ್ಲಿ ತಪ್ಪಿದೆನೆಂದು ಮೊದಲಿನಿಂದ ನೋಡಿಕೊಂಡು ಬಂದಳು. ಊದುಗೊಳವೆಯಲ್ಲೇ ಬಿಟ್ಟಿದ್ದರೆ ನಾಯಿ ಸಾಯುತ್ತಿತ್ತು, ಇಷ್ಟು ಒಣಗುತ್ತಿರಲಿಲ್ಲ. ಇಷ್ಟು ಒಣಗದಿದ್ದರೆ ಸವತಿ ಬರುತ್ತಿರಲಿಲ್ಲ. ಒಣಗಿಸಿದ್ದು ಮಾತ್ರ ಚೀಟಿಯ ಪ್ರಕಾರ ಸರಿಯೇ ಆಗಿತ್ತು.

"ತಡೀರಿ," ಎಂದಳು ಭಾಗೀರಥಿಬಾಯಿ.

ಎಲ್ಲರೂ ತಡೆದರು.

"ಇಕಿಗಿ ಹೊಗಿ ಕೊಡಲಿಕ್ಕಿ ಬರಂಗಿಲ್ಲ. ಬೆಳಿಗ್ಗಿಂದ ಊದುಗೊಳವಿ ಹಿಡಕೊಂಡು ನಾಯಿ ಊದಲತ್ತಿದ್ದಳು. ಇದು ನನ್ನ ಹೊಗಿ. ಅಜವಾನ ನಾ ಹಾಕೀನಿ. ಕುಂಚಗಿ ನಾ ಹೊಲದದ್ದು, ನಾ ಕಟ್ಟಿದ್ದು." ಎರಡೂ ಅಂಗೈ ಮುಂದೆ ಚಾಚಿದಳು. "ಈ ಕೈಲೇ."

ಬಾಗಿಲಲ್ಲಿದ್ದ ಸುಮಿತ್ರಾಬಾಯಿ ಕಟ್ಟೆ ಇಳಿದಳು.

"ನಿಮ್ಮ ಪೋರಿ ಬಂದ್ಲಂದ್ರ ಆಕಿಗೂ ಇದೇ ಕೈಲೇ ನೀರು ಹಾಕಾಕಿ ನಾನು. ಹಡದ್ರ ಇದೇ ಹೊರಸಿನ ಮ್ಯಾಲ ಮಲಗಸ್ತೀನಿ."

ಶಾಂತಾಬಾಯಿ ಲೂಸಿಯ ಮೇಲಿನ ಕೈ ತೆಗೆದು ಸೀರೆಗೆ ಒರೆಸಿಕೊಂಡಳು. "ನಾಯಿ ಮಲಗಿದ ಹೊರಸಿನ ಮ್ಯಾಲ?"

"ಹೂಂ."

"ಬ್ಯಾರೆ ಹೊರಸು ತರಸ್ತೀರಲ್ಲ?"

"ಇಲ್ಲ. ಇದು ಗಟ್ಟಿ ಅದ."

"ಕೈ ಅಂದ್ರ ತೊಳಕೊಂಡ್ರ ಹೋಗ್ತದಲ್ರಿ," ಎಂದ ಶಿವರಾಜಪ್ಪ. ಅವನಿಗೆ ಹಳ್ಳ ದಾಟಿ ಬಂದ ಶ್ರಮ ವ್ಯರ್ಥವಾಗುವುದು ಇಷ್ಟವಿರಲಿಲ್ಲ. ಭಾಗೀರಥಿಬಾಯಿ ಚಾಚಿದ ಕೈ ಹಾಗೆಯೇ ಇತ್ತು.

"ಏಳು ಅಣ್ಣಾ," ಎಂದಳು ಶಾಂತಾಬಾಯಿ. "ಹಳ್ಳ ಏರ್ತದ."

ಅವರು ಹೋದರು. ಕಟ್ಟೆಯ ಮೇಲಿನ ಹೆಣ್ಣುಮಕ್ಕಳೂ ಒಬ್ಬೊಬ್ಬರಾಗಿ ಹೋದರು. ಸುಮಿತ್ರಾಬಾಯಿ ಎಲ್ಲರಿಗಿಂತ ಮೊದಲೇ ಹೋಗಿದ್ದಳು. ಅವಳ ಮನೆಯಲ್ಲಿ ಒಂಬತ್ತು ದಿನದ ಕೂಸಿತ್ತು.

ಸ್ವಲ್ಪ ಹೊತ್ತಿಗೆ ವೈಜಿನಾಥ ಎಲೆ ಅಡಿಕೆ ಮತ್ತು ಮುತ್ತುಗದ ಎಲೆಯಲ್ಲಿ ಕಟ್ಟಿದ ಬಿಸಿ ಭಜಿ ಹಿಡಿದುಕೊಂಡು ಬಂದ.

"ಬಂದಿದ್ರಂತಲ್ಲ. ಎಲ್ಲಿ ಹೋದ್ರು?"

"ಭಾತಂಬ್ರಾಕ್ಕ," ಎಂದಳು ತಾಯಿ.

"ಮತ್ತ ಬರ್ತಾರೇನು?"

"ಇಲ್ಲ."

ವೈಜಿನಾಥ ನಿಂತು ಯೋಚಿಸಿದ. ಅವನ ಮುಖದಲ್ಲಿ ದುಃಖವೋ ಸಮಾಧಾನವೋ ಕಸ್ತೂರಿಬಾಯಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಿರಲಿಕ್ಕಿಲ್ಲ. "ಭಜಿ ಆರ್ತಾವ," ಎಂದ ಕೊನೆಗೆ. ಮೂವರೂ ಕುಳಿತು ತಿಂದರು. ಲೂಸಿಗೆ ಕೊಡಲಿಲ್ಲ. ಎಣ್ಣೆಯಲ್ಲಿ ಕರಿದದ್ದು ಕೊಡಬಾರದೆಂದು ನಾಲ್ಕನೆಯ ಮಾತಿನಲ್ಲಿತ್ತು.

ಮರುದಿನ ಜ್ಞಾನಮ್ಮ ಬಂದಳು. ತಂಗಿ ಗುಣವಾಗಿದ್ದಳು. ನಾಯಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, "ಏನಿದು ವಾಸನಿ?" ಎಂದಳು. "ಒಣಗಿಸಿದ್ದು ರಿ," ಎಂದಳು ಕಸ್ತೂರಿಬಾಯಿ. ಜ್ಞಾನಮ್ಮ ಹೆಚ್ಚು ಕೇಳಲಿಲ್ಲ. ಬಾಣಂತಿಯ ವಾಸನೆ ಅವಳಿಗೆ ಗೊತ್ತಿಲ್ಲದ್ದಲ್ಲ, ಓಣಿಯಲ್ಲಿ ಬರುವಾಗಲೇ ಎಲ್ಲ ಕಿವಿಗೆ ಬಿದ್ದಿತ್ತು.

ಸುಮಿತ್ರಾಬಾಯಿ ಹೇಳಿಕಳಿಸಿದಳು, ಮಗಳ ನಾದಿನಿ ಬಂದಿದ್ದಾಳೆ, ಇನ್ನು ನೀರು ಅವಳೇ ಹಾಕುತ್ತಾಳೆ ಎಂದು. ಕುಂಬಾರ ಓಣಿಯ ಬಾಣಂತಿಯ ಮನೆಯಿಂದಲೂ ಅಂಥದೇ ಮಾತು ಬಂತು. ಮೂರನೆಯ ಮನೆಯವರು ಏನನ್ನೂ ಹೇಳಿಕಳಿಸಲಿಲ್ಲ. ಭಾಗೀರಥಿಬಾಯಿ ಹೋದಾಗ ಬಾಗಿಲು ತೆಗೆಯಲಿಲ್ಲ, ಅಷ್ಟೇ.

ಅತ್ತೆ ಯಾಕೆ ಹಾಗೆ ಮಾಡಿದಳೆಂದು ಕಸ್ತೂರಿಬಾಯಿ ಎರಡು ದಿನ ಯೋಚಿಸಿದಳು. ತನ್ನನ್ನು ಉಳಿಸಲಿಕ್ಕೋ, ಅಷ್ಟು ಚೆನ್ನಾಗಿ ಕೊಟ್ಟ ಹೊಗೆಯ ಹೆಸರು ಬೇರೆಯವಳಿಗೆ ಹೋಗುವುದು ಸಹಿಸಲಾರದೆಯೋ. ಕೇಳಿದರೆ ಬೈಸಿಕೊಳ್ಳಬೇಕಾಗುತ್ತದೆ. ತಾನು ಆಡಿದ ಸುಳ್ಳಿಗೆ ಕ್ಷಮೆ ಕೇಳಬೇಕೋ ಎಂದೂ ಯೋಚಿಸಿದಳು. ಅದೂ ತೀರ್ಮಾನವಾಗಲಿಲ್ಲ.

ಗುರುವಾರ ಬೆಳಿಗ್ಗೆ ಭಾಗೀರಥಿಬಾಯಿ ಎಂದಿನ ಹೊತ್ತಿಗೆ ಎದ್ದು ಹಂಡೆಗೆ ಉರಿ ಹಾಕಿದಳು. ಹೋಗಲು ಯಾವ ಮನೆಯೂ ಇರಲಿಲ್ಲ. ನೀರು ಕಾಯಿತು. ಅವಳು ಸ್ವಲ್ಪ ಹೊತ್ತು ಹಂಡೆಯ ಮುಂದೆ ಕುಳಿತು ಮೊಣಕಾಲ ಮೇಲೆ ಕೈಯಿಟ್ಟುಕೊಂಡಿದ್ದಳು. ಆಮೇಲೆ ಕೂಗಿದಳು.

"ಕಸ್ತೂರಿ. ತಲಿ ಬಿಚ್ಚು."

"ಯಾಕ್ರಿ ಅತ್ತಿ?"

"ಬಿಚ್ಚು ಅಂದೆ."

ಅತ್ತೆ ಸೀಗೆಕಾಯಿ ಹಾಕಿ, ಸುಡುಸುಡು ನೀರು ಸುರಿದಳು. ಊರಿನ ಬಾಣಂತಿಯರೆಲ್ಲ ಒದ್ದಾಡಿದ ಹಾಗೆ ಕಸ್ತೂರಿಬಾಯಿಯೂ ಒದ್ದಾಡಿದಳು. ನಡುಮನೆಗೆ ಬಂದಾಗ ಹೊರಸು ಹಾಕಿತ್ತು, ಕೆಂಡ ಕೆಂಪಗಿತ್ತು.

"ಅತ್ತಿ, ನಾ ಬಾಣಂತಿ ಅಲ್ರಿ."

"ನಾಯಿ ಬಾಣಂತಿ ಇತ್ತೇನು?"

ಕಸ್ತೂರಿಬಾಯಿ ಹೊರಸು ಹತ್ತಿದಳು. ಮಲಗಿದಳು. ಅತ್ತೆ ಅವಳ ಕೂದಲನ್ನು ಕೆಂಡದ ಬುಟ್ಟಿಯ ಮೇಲೆ ಇಳಿಬಿಟ್ಟು ಹರಡಿ, ಬೆರಳಿನಿಂದ ಬಿಡಿಸುತ್ತ, ಒಂಬತ್ತು ವರ್ಷದಿಂದ ಹಸಿ ತಲೆಯನ್ನೇ ಗಂಟು ಕಟ್ಟಿಕೊಂಡು ತಿರುಗಿದ್ದಕ್ಕೆ ಬೈಯತೊಡಗಿದಳು. ಕೆಳಗಿನಿಂದ ಕಾವು ಏರಿ ಕುತ್ತಿಗೆಯ ಹಿಂದೆ ಬಂತು. ಎಷ್ಟು ಹೊತ್ತು ಹೀಗೆ ಮಲಗಬಹುದೆಂದು ಅವಳಿಗೆ ತಿಳಿಯಲಿಲ್ಲ.

"ರೊಟ್ಟಿ ಹೊತ್ತಾಯ್ತರಿ. ಏಳ್ತೀನಿ."

"ಬಿದ್ಕೊ. ಇವತ್ತ ರೊಟ್ಟಿ ವೈಜ್ಯಾ ಬಡೀತಾನ."

ಪಡಸಾಲೆಯಲ್ಲಿ ವೈಜಿನಾಥ ಕೆಮ್ಮಿದ. ಆಮೇಲೆ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.